ದೊಡ್ಡ ದನಿಯ ಪೀಟರ್ ಜೆನ್ಸನ್ ಮತ್ತು ನನ್ನ ಹಾಲ್‌ನ ಗೋಡೆ

ಪ್ರತಿಭಟನೆ ಸಂಘಟಿಸಿದವರಿಗೆಲ್ಲ ಗೊತ್ತಿರುವ ವಿಷಯ ಇದು: ಬ್ಯಾನರ್‌ಗಿಂತ ಮೊದಲು ಹೊಂದಿಸಬೇಕಾದ್ದು ಮೈಕ್‌ಸೆಟ್. ಕಾಲೇಜಿನಲ್ಲಿದ್ದಾಗ ನಮ್ಮ ಗುಂಪಿನಲ್ಲಿ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಶಾಮಿಯಾನದ ಅಂಗಡಿಯಿಂದ ಎರಡು ಹಾರ್ನ್, ಒಂದು ಆಂಪ್ಲಿಫೈಯರ್ ಬಾಡಿಗೆಗೆ ತರೋದು, ಕಂಬಕ್ಕೆ ಕಟ್ಟೋದು, ಸಂಜೆ ವಾಪಸ್ ಕೊಡೋದು. ಒಂದು ಸಲ ಹಾಸ್ಟೆಲ್ ಶುಲ್ಕದ ವಿರುದ್ಧ ಧರಣಿ ಕೂತಿದ್ದೆವು. ಮೈಕ್‌ಗೆ ಅನುಮತಿ ಸಿಗಲಿಲ್ಲ. ಮೈಕ್ ಇಲ್ಲದೇನೇ ಮಾತಾಡೋಣ ಅಂತ ನಿರ್ಧಾರವಾಯಿತು.

ಅವತ್ತು ಮಾತಾಡಿದ್ದು ಯಾರು ಅಂತ ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ. ಗಂಟಲು ದೊಡ್ಡದಿದ್ದ ನಾಲ್ಕು ಜನ ಹುಡುಗರು. ಶುಲ್ಕದ ಲೆಕ್ಕವನ್ನೆಲ್ಲ ತಿಂಗಳುಗಟ್ಟಲೆ ಕೂತು ತೆಗೆದಿದ್ದವಳು ಹಾಸ್ಟೆಲ್‌ನ ಒಬ್ಬ ಹುಡುಗಿ. ಅವಳ ದನಿ ಮೂರನೇ ಸಾಲಿನಿಂದ ಆಚೆ ಹೋಗಲಿಲ್ಲ. ಐದು ನಿಮಿಷಕ್ಕೆ ಹಿಂದಿನವರು ಗುಸುಗುಸು ಶುರುಮಾಡಿದರು, ಅವಳು ಕೂತುಬಿಟ್ಟಳು.

ಹತ್ತು ವರ್ಷ ಆದಮೇಲೆ ಅದೇ ನೆನಪು ಮತ್ತೆ ಬಂದದ್ದು ನನ್ನ ಮನೆಯ ಹಾಲ್‌ನಲ್ಲಿ, ಕೈಯಲ್ಲಿ ಡ್ರಿಲ್ ಹಿಡಿದು ನಿಂತಿದ್ದಾಗ. ಗೋಡೆಯೊಳಗೇ ಕೂರುವ ಸ್ಪೀಕರ್‌ಗಳನ್ನ ನಾನೇ ಕಟ್ಟಬೇಕು ಅಂತ ಹಟ ಹಿಡಿದಿದ್ದೆ. ಚಿಕ್ಕ ಹಾಲ್, ನೆಲದ ಮೇಲೆ ದೊಡ್ಡ ಡಬ್ಬ ಇಡೋಕೆ ಜಾಗ ಇಲ್ಲ. ಇಟ್ಟಿಗೆ ಗೋಡೆ ಒಡೆಯುವ ಧೈರ್ಯವೂ ಇಲ್ಲ. ಹಾಗಾಗಿ ಟಿವಿ ಹಿಂದಿನ ಗೋಡೆಯ ಮುಂದೆ ಐದು ಇಂಚು ದಪ್ಪದ ಇನ್ನೊಂದು ಮರದ ಗೋಡೆ ನಿಲ್ಲಿಸಿ, ಅದರೊಳಗೆ ಸ್ಪೀಕರ್ ಕೂರಿಸುವ ಯೋಜನೆ. ಆ ಕೆಲಸದ ನಡುವೆ, ಈ ವಸ್ತುವನ್ನ ಮೊದಲು ಬಳಕೆಗೆ ತಂದವರು ಯಾರು ಅಂತ ಹುಡುಕುತ್ತಾ ಹೋದೆ. ಸಿಕ್ಕವನು ಪೀಟರ್ ಜೆನ್ಸನ್. ಗಿಟಾರ್ ಆಂಪ್ಲಿಫೈಯರ್ ಬಿಚ್ಚಿದವರು ಸ್ಪೀಕರ್ ಮೇಲೆ ಆ ಹೆಸರು ನೋಡಿರುತ್ತಾರೆ. ಆದರೆ ಅವನ ಬದುಕು ನಿಜಕ್ಕೂ ರಾಜಕೀಯದ ಕಥೆ.

ಡೆನ್ಮಾರ್ಕಿನ ದ್ವೀಪದಿಂದ ಕ್ಯಾಲಿಫೋರ್ನಿಯಾಕ್ಕೆ

ಜೆನ್ಸನ್ ಹುಟ್ಟಿದ್ದು 1886ರ ಮೇ 16ರಂದು, ಡೆನ್ಮಾರ್ಕಿನ ಫಾಲ್ಸ್ಟರ್ ಎಂಬ ದ್ವೀಪದಲ್ಲಿ. ಓದಿನಲ್ಲಿ ಚುರುಕು. ಆದರೆ ಅಪ್ಪ ತೀರಿಕೊಂಡಿದ್ದರಿಂದ ವಿಶ್ವವಿದ್ಯಾಲಯದ ಆಸೆ ಬಿಟ್ಟು ಕೆಲಸಕ್ಕೆ ಸೇರಬೇಕಾಯಿತು. ಪುಣ್ಯಕ್ಕೆ ಸಿಕ್ಕ ಕೆಲಸ ವಾಲ್ಡೆಮಾರ್ ಪೌಲ್ಸನ್ ಪ್ರಯೋಗಾಲಯದಲ್ಲಿ. ಈ ಪೌಲ್ಸನ್ ಸಾಮಾನ್ಯದವನಲ್ಲ. ಉಕ್ಕಿನ ತಂತಿಯ ಮೇಲೆ ಕಾಂತಶಕ್ತಿಯಿಂದ ದನಿ ಮುದ್ರಿಸುವ ಯಂತ್ರವನ್ನ 1898ರಲ್ಲೇ ಮಾಡಿದ್ದವನು. ಆಮೇಲೆ ತಂತಿಯಿಲ್ಲದೆ ಮನುಷ್ಯನ ಮಾತನ್ನೇ ಕಳಿಸುವ ಪ್ರಯತ್ನದಲ್ಲಿದ್ದ. ಪದವಿ ಇಲ್ಲದ ಹುಡುಗ ಅಲ್ಲೇ ಕೈಕೆಲಸ ಮಾಡ್ತಾ ವಿದ್ಯುತ್ ಕಲಿತ.

1909ರಲ್ಲಿ ಪೌಲ್ಸನ್‌ನ ವೈರ್‌ಲೆಸ್ ವಿದ್ಯೆಯನ್ನ ಅಮೆರಿಕದಲ್ಲಿ ನೆಲೆಯೂರಿಸಲು ಜೆನ್ಸನ್‌ನನ್ನ ಕ್ಯಾಲಿಫೋರ್ನಿಯಾಕ್ಕೆ ಕಳಿಸಿದರು. ಅಲ್ಲಿ ಪರಿಚಯವಾದವನು ಎಡ್ವಿನ್ ಪ್ರಿಡ್‌ಹ್ಯಾಮ್, ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದ ಎಂಜಿನಿಯರ್. ಒಬ್ಬನಿಗೆ ಪುಸ್ತಕದ ವಿದ್ಯೆ, ಇನ್ನೊಬ್ಬನಿಗೆ ಕೈಯ ವಿದ್ಯೆ. ಇಬ್ಬರ ಸ್ನೇಹ ಗಟ್ಟಿಯಾಯಿತು. ಕಂಪನಿ ಬಿಟ್ಟು, 1911ರಲ್ಲಿ ನಾಪಾ ಎಂಬ ಸಣ್ಣ ಊರಿನಲ್ಲಿ ಒಂದು ಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡು ಕೂತರು.

ನಾಪಾದಲ್ಲಿ ಅವರು ಮಾಡಲು ಹೊರಟಿದ್ದು ಧ್ವನಿವರ್ಧಕ ಅಲ್ಲ. ಒಳ್ಳೆಯ ಟೆಲಿಫೋನ್ ರಿಸೀವರ್! ಕಿವಿಗೆ ಹಿಡಿಯುವ ಭಾಗ. ಆಗಿನ ಟೆಲಿಫೋನ್‌ನಲ್ಲಿ ಕಬ್ಬಿಣದ ತೆಳು ತಗಡನ್ನ ಕಾಂತ ಎಳೆದು ಬಿಡುತ್ತಿತ್ತು. ದನಿ ಮೂಗಿನಲ್ಲಿ ಮಾತಾಡಿದ ಹಾಗೆ. ಇವರು ಬಲವಾದ ಕಾಂತದ ನಡುವೆ ತಂತಿಯ ಸುರುಳಿ ಇಟ್ಟು, ಆ ಸುರುಳಿಯನ್ನೇ ಪೊರೆಗೆ ಜೋಡಿಸಿದರು. ತಂತಿಯಲ್ಲಿ ಮಾತಿನ ವಿದ್ಯುತ್ ಹರಿದರೆ ಸುರುಳಿ ಅಲುಗುತ್ತೆ, ಪೊರೆ ಅಲುಗುತ್ತೆ, ಗಾಳಿ ಅಲುಗುತ್ತೆ. ತತ್ವ ಪೂರ್ತಿ ಹೊಸದಲ್ಲ, ಇಂಗ್ಲೆಂಡಿನ ಆಲಿವರ್ ಲಾಜ್ 1898ರಲ್ಲೇ ಇಂಥದ್ದಕ್ಕೆ ಪೇಟೆಂಟ್ ಪಡೆದಿದ್ದ. ಅದನ್ನ ಜನರ ನಡುವೆ ಕೆಲಸ ಮಾಡುವ ಯಂತ್ರವಾಗಿ ನಿಲ್ಲಿಸಿದ್ದು ಈ ಇಬ್ಬರ ಸಾಧನೆ. ಇವತ್ತು ನನ್ನ ವೂಫರ್‌ನಲ್ಲಿ, ನಿಮ್ಮ ಇಯರ್‌ಫೋನ್‌ನಲ್ಲಿ ಇರುವುದೂ ಬಹುಪಾಲು ಅದೇ ಸುರುಳಿ.

ಟೆಲಿಫೋನ್ ಕಂಪನಿಗೆ ಅದು ಬೇಡವಾಯಿತು. ಇಬ್ಬರು ಮನುಷ್ಯರು ಪರಸ್ಪರ ಮಾತಾಡಲಿ ಅಂತ ಮಾಡಿದ ವಸ್ತು ಬೆಂಚಿನ ಮೇಲೆ ಉಳಿಯಿತು.

ಗ್ರಾಮಫೋನ್ ಕಹಳೆ ಸಿಕ್ಕಿಸಿದಾಗ

ದಾರಿ ತೋರಿಸಿದ್ದು ಪ್ರಿಡ್‌ಹ್ಯಾಮ್‌ನ ಸಂಬಂಧಿಕರೊಬ್ಬರು. ಅವರಿಗೆ ಬೇಸ್‌ಬಾಲ್ ಹುಚ್ಚು. ಮೈದಾನದಲ್ಲಿ ಬಾಯಿಗೆ ಕಹಳೆ ಹಿಡಿದು ಕೂಗಿ ಹೇಳುವ ಪ್ರಕಟಣೆ ಹಿಂದಿನ ಸಾಲುಗಳಿಗೆ ಕೇಳಿಸಲ್ಲ ಅನ್ನೋದು ಅವರ ಗೊಣಗಾಟ. ನಿಮ್ಮ ರಿಸೀವರ್‌ಗೆ ಗ್ರಾಮಫೋನ್ ಕಹಳೆ ಜೋಡಿಸಿ ನೋಡಿ ಅಂತ ಸೂಚಿಸಿದರು. ಇವರು ಹಾಗೇ ಮಾಡಿದರು. ಕಾರ್ಬನ್ ಮೈಕ್, ಬ್ಯಾಟರಿ, ಸುರುಳಿ, ಕಹಳೆ. ಸ್ವಿಚ್ ಹಾಕುತ್ತಲೇ ಕಿವಿ ಹರಿಯುವ ಹಾಗೆ ಕಿರುಚಿತು. ಕಹಳೆಯ ದನಿ ಮೈಕ್‌ಗೆ ಹೋಗಿ, ಮೈಕ್‌ನದ್ದು ಕಹಳೆಗೆ ಬಂದು ಸುತ್ತುವ ಅರಚಾಟ. ಮೈಕ್‌ಸೆಟ್ ಕಟ್ಟಿದ ಯಾರಿಗೂ ಇದನ್ನ ವಿವರಿಸಬೇಕಿಲ್ಲ!

ಕಹಳೆಯನ್ನ ಮನೆಯ ಮೇಲೆ ಚಿಮಣಿ ಹತ್ತಿರ ಇಟ್ಟರು. ಪ್ರಿಡ್‌ಹ್ಯಾಮ್ ಒಳಗೆ ಕೂತು ಮಾತಾಡ್ತಾ ಇದ್ದ, ಜೆನ್ಸನ್ ಊರಾಚೆ ನಡೆಯುತ್ತಾ ಹೋದ. ಸುಮಾರು ಒಂದು ಮೈಲಿ ದಾಟಿದರೂ ಗೆಳೆಯನ ಮಾತು ಬಿಡಿಬಿಡಿಯಾಗಿ ಕೇಳಿಸ್ತಾನೇ ಇತ್ತು.

ಒಂದು ಕ್ಷಣ ಇದನ್ನ ಯೋಚಿಸಿ. ಅಲ್ಲಿಯವರೆಗಿನ ಇಡೀ ಮಾನವ ಇತಿಹಾಸದಲ್ಲಿ ಒಬ್ಬ ಮನುಷ್ಯನ ಮಾತು ಎಷ್ಟು ದೂರ ಹೋಗುತ್ತೆ ಅನ್ನೋದು ಅವನ ಎದೆಗೂಡಿಗೆ ಬಿಟ್ಟದ್ದು. ಸಭೆ, ಮತ, ಚಳವಳಿ ಎಲ್ಲವೂ ಆ ಅಳತೆಯೊಳಗೇ ನಡೆಯಬೇಕಿತ್ತು. ಮೆಲುದನಿಯವರು ರಾಜಕೀಯಕ್ಕೆ ಲಾಯಕ್ಕಿಲ್ಲ ಅಂತ ಯಾರೂ ಕಾನೂನು ಬರೆದಿರಲಿಲ್ಲ, ಬರೆಯುವ ಅಗತ್ಯವೇ ಇರಲಿಲ್ಲ. ನಮ್ಮ ಧರಣಿಯಲ್ಲಿ ಆದದ್ದೇ ಲೋಕದಲ್ಲೆಲ್ಲ ಆಗುತ್ತಿತ್ತು.

1915ರ ಡಿಸೆಂಬರ್‌ನಲ್ಲಿ ಇಬ್ಬರೂ ತಮ್ಮ ಯಂತ್ರ ಹೊತ್ತು ಸ್ಯಾನ್ ಫ್ರಾನ್ಸಿಸ್ಕೊಗೆ ಬಂದರು. ಕ್ರಿಸ್‌ಮಸ್ ಹಿಂದಿನ ರಾತ್ರಿ, ಸಿಟಿ ಹಾಲ್ ಮುಂದೆ ಲಕ್ಷದ ಹತ್ತಿರ ಜನ. ಅವರಿಗೆಲ್ಲ ಸಂಗೀತ, ಭಾಷಣ ಕೇಳಿಸಿತು. ಆರು ದಿನದ ನಂತರ, ಡಿಸೆಂಬರ್ 30ರಂದು, ಇನ್ನೂ ವಿಚಿತ್ರ ಘಟನೆ. ಊರಿನ ಹೊಸ ಸಭಾಂಗಣದ ಉದ್ಘಾಟನೆಗೆ ಬರಬೇಕಿದ್ದ ರಾಜ್ಯಪಾಲ ಹೈರಮ್ ಜಾನ್ಸನ್‌ಗೆ ಕಾಯಿಲೆ. ಮನೆಯಿಂದ ಏಳುವ ಹಾಗಿಲ್ಲ. ಜೆನ್ಸನ್ ಅವರ ಮನೆಗೇ ಮೈಕ್ ಒಯ್ದು ತಂತಿ ಎಳೆದ. ರಾಜ್ಯಪಾಲ ಮನೆಯ ಬೆಂಕಿಗೂಡಿನ ಪಕ್ಕ ಕೂತು ಮಾತಾಡಿದರು, ಸಭಾಂಗಣ ತುಂಬ ಕೂತ ಜನ ಖಾಲಿ ವೇದಿಕೆ ನೋಡುತ್ತಾ ಕೇಳಿಸಿಕೊಂಡರು.

ನಾಯಕ ಜನರ ಎದುರು ಇರಲೇಬೇಕು ಅನ್ನುವ ಕಟ್ಟುಪಾಡು ಅವತ್ತು ಮುರಿಯಿತು. ಇವತ್ತು ವಿಡಿಯೊ ಸಂದೇಶದಲ್ಲಿ ಸಭೆ ಮುಗಿಸುವ ನಾಯಕರನ್ನ ನೋಡಿದಾಗೆಲ್ಲ ನನಗೆ ಆ ಖಾಲಿ ವೇದಿಕೆ ನೆನಪಾಗುತ್ತೆ.

ವಿಮಾನದಲ್ಲಿ ಇಬ್ಬರ ಮಾತು

1917ರಲ್ಲಿ ಗ್ರಾಮಫೋನ್ ಮಾರುತ್ತಿದ್ದ ಒಂದು ಸಂಸ್ಥೆ ಜತೆ ಸೇರಿ ಇವರ ಕಂಪನಿ ಮ್ಯಾಗ್ನಾವಾಕ್ಸ್ ಆಯಿತು. ಲ್ಯಾಟಿನ್‌ನಲ್ಲಿ ಅದರ ಅರ್ಥ ದೊಡ್ಡ ದನಿ. ಅದೇ ವರ್ಷ ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು. ಸೇನೆಗೆ ಒಂದು ಸಮಸ್ಯೆ: ವಿಮಾನದ ಎಂಜಿನ್ ಸದ್ದಿನಲ್ಲಿ ಮುಂದೆ ಕೂತ ಪೈಲಟ್ ಮಾತು ಹಿಂದೆ ಕೂತವನಿಗೆ ಕೇಳಿಸಲ್ಲ. ಜೆನ್ಸನ್ ಮತ್ತು ಪ್ರಿಡ್‌ಹ್ಯಾಮ್ ಮಾಡಿದ್ದು ಸದ್ದು ನುಂಗುವ ಮೈಕ್. ಉಪಾಯ ಸರಳ. ಮೈಕ್‌ನ ಪೊರೆಯ ಎರಡೂ ಬದಿ ತೆರೆದಿಡು. ಎಂಜಿನ್ ಸದ್ದು ಎರಡೂ ಕಡೆಯಿಂದ ಒಂದೇ ಸಮ ಒತ್ತುತ್ತೆ, ಪೊರೆ ಅಲುಗೋದೇ ಇಲ್ಲ. ತುಟಿಗೆ ಅಂಟಿಸಿ ಮಾತಾಡಿದರೆ ಮಾತು ಒಂದು ಬದಿಗೆ ಮಾತ್ರ ಜೋರಾಗಿ ಬೀಳುತ್ತೆ, ಅದಷ್ಟೇ ದಾಟುತ್ತೆ.

ಇದನ್ನ ಓದಿದಾಗಲೇ ನನ್ನ ಮರದ ಗೋಡೆಯ ಅರ್ಥ ಪೂರ್ತಿ ಆದದ್ದು. ಸ್ಪೀಕರ್‌ನಲ್ಲಿ ಆಗೋದು ಇದೇ, ಆದರೆ ತಿರುಗಾ ಮುರುಗಾ. ವೂಫರ್‌ನ ಕೋನ್ ಮುಂದೆ ಬಂದಾಗ ಮುಂದಿನ ಗಾಳಿಯನ್ನ ತಳ್ಳುತ್ತೆ, ಅದೇ ಹೊತ್ತಿಗೆ ಹಿಂದಿನ ಗಾಳಿಯನ್ನ ಎಳೆಯುತ್ತೆ. ಬರೀ ವೂಫರ್‌ನ ಕೈಯಲ್ಲಿ ಹಿಡಿದು ಹಾಡು ಹಾಕಿ ನೋಡಿ, ತಬಲಾದ ಎಡಗೈ ಕೇಳಿಸೋದೇ ಇಲ್ಲ. ಮುಂದಿನ ಅಲೆಯೂ ಹಿಂದಿನ ಅಲೆಯೂ ಅಂಚಿನಲ್ಲಿ ಸೇರಿ ಒಂದನ್ನೊಂದು ಕೊಂದುಬಿಡುತ್ತವೆ. ಅವೆರಡನ್ನ ಬೇರೆ ಮಾಡೋಕೆ ನಡುವೆ ಹಲಗೆ ಬೇಕು. ಕಹಳೆಯ ಬದಲು ಹಲಗೆಯಲ್ಲಿ ಕೂರಿಸಿದ ಕಾಗದದ ಕೋನ್ ಬಳಸುವ ವಿನ್ಯಾಸವನ್ನ ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲಾಗ್ 1925ರಲ್ಲಿ ಪ್ರಕಟಿಸಿದರು. ಹಲಗೆ ದೊಡ್ಡದಾದಷ್ಟೂ ಒಳ್ಳೆಯದು. ಇಡೀ ಗೋಡೆಯೇ ಹಲಗೆಯಾದರೆ? ಗೋಡೆಯೊಳಗಿನ ಸ್ಪೀಕರ್‌ನ ತರ್ಕ ಇಷ್ಟೇ.

ನಾನು ಮಾಡಿದ ಡಬ್ಬ ಒಳಗಿನಿಂದ 90 ಸೆಂ.ಮೀ. ಎತ್ತರ, 40 ಅಗಲ, 9 ಆಳ. ಸುಮಾರು 32 ಲೀಟರ್ ಗಾಳಿ. ಮುಂದಕ್ಕೆ 18 ಮಿ.ಮೀ. ಎಂಡಿಎಫ್, ಆರೂವರೆ ಇಂಚಿನ ವೂಫರ್, ಮೇಲೆ ರೇಷ್ಮೆ ಬಟ್ಟೆಯ ಟ್ವೀಟರ್, ಒಳಗೆ ಗ್ಲಾಸ್‌ವೂಲ್. ತೆಳು ಡಬ್ಬದ ಅಗಲ ಬದಿ ತಮಟೆ ಹಾಗೆ ಬಡಿದುಕೊಳ್ಳುತ್ತೆ ಅಂತ ನಡುನಡುವೆ ಮರದ ಪಟ್ಟಿ ಕೊಟ್ಟೆ. ವೂಫರ್ ಅಂಚಿಗೆ ಫೋಮ್ ಪಟ್ಟಿ ಹಾಕದೆ ಸ್ಕ್ರೂ ಬಿಗಿದಿದ್ದೆ, ಗಾಳಿ ಸೋರಿ ಪುಸ್ ಅನ್ನುತ್ತಿತ್ತು. ಎಲ್ಲ ಬಿಚ್ಚಿ ಮತ್ತೆ ಕೂರಿಸಿದೆ.

ಆದರೂ ಮೊದಲ ದಿನ ಹಾಡು ಕೇಳಿದರೆ ಎಲ್ಲರ ದನಿಯೂ ಮಡಕೆಯೊಳಗಿಂದ ಬಂದ ಹಾಗೆ. ಕಾರಣ ಕ್ರಾಸ್ಓವರ್. ಯಾವ ದನಿ ವೂಫರ್‌ಗೆ, ಯಾವುದು ಟ್ವೀಟರ್‌ಗೆ ಅಂತ ಹಂಚುವ ಆ ಸರ್ಕೀಟ್ ನಾನು ಕೊಂಡದ್ದು ನೆಲದ ಮೇಲೆ ನಿಲ್ಲುವ ಡಬ್ಬಕ್ಕೆ ಮಾಡಿದ್ದು. ಹಾಗೆ ನಿಂತ ಡಬ್ಬದಿಂದ ಕೆಳದನಿ ನಾಲ್ಕೂ ಕಡೆ ಸುತ್ತಿಕೊಂಡು ಹಿಂದಕ್ಕೂ ಹರಡಿ ಹೋಗುತ್ತೆ. ಆ ನಷ್ಟ 6 ಡೆಸಿಬೆಲ್‌ವರೆಗೂ ಆಗುತ್ತೆ ಅಂತ ಲೆಕ್ಕ ಹಾಕಿ, ಕ್ರಾಸ್ಓವರ್ ಮೇಲುದನಿಯನ್ನ ತಗ್ಗಿಸಿ ಸಮ ಮಾಡುತ್ತೆ. ಗೋಡೆಯಲ್ಲಿ ಕೂತ ಸ್ಪೀಕರ್‌ಗೆ ಆ ನಷ್ಟವೇ ಇಲ್ಲ, ಎಲ್ಲ ದನಿಯೂ ಮುಂದಕ್ಕೇ ಬರುತ್ತೆ. ಇಲ್ಲದ ನಷ್ಟಕ್ಕೆ ಪರಿಹಾರ ಕೊಟ್ಟು ಕೆಳದನಿ ಉಬ್ಬಿತ್ತು. ಸಣ್ಣ ಕಾಯಿಲ್ ಹಾಕಿ, ಕೇಳಿ, ಬದಲಿಸಿ, ಮತ್ತೆ ಕೇಳಿ, ಮೂರು ಭಾನುವಾರ ಕಳೆದವು.

ಗಾಜಿನ ಗೂಡಿನೊಳಗಿನ ಅಧ್ಯಕ್ಷ

ಯುದ್ಧ ಮುಗಿಯಿತು. 1919ರ ಸೆಪ್ಟೆಂಬರ್ 19ರಂದು ಜೆನ್ಸನ್ ಬದುಕಿನ ಅತಿದೊಡ್ಡ ದಿನ ಬಂತು. ಅಧ್ಯಕ್ಷ ವುಡ್ರೊ ವಿಲ್ಸನ್ ಸ್ಯಾನ್ ಡಿಯಾಗೊ ಕ್ರೀಡಾಂಗಣದಲ್ಲಿ ಭಾಷಣ ಮಾಡಬೇಕಿತ್ತು. ಯುದ್ಧ ತಪ್ಪಿಸಲು ಕಟ್ಟುತ್ತಿದ್ದ ಲೀಗ್ ಆಫ್ ನೇಷನ್ಸ್‌ಗೆ ಅಮೆರಿಕ ಸೇರಲಿ ಅಂತ ಜನರನ್ನ ಒಪ್ಪಿಸೋಕೆ ಅವನು ದೇಶ ಸುತ್ತುತ್ತಿದ್ದ. ಮುಕ್ಕಾಲು ಲಕ್ಷ ಜನಸಂಖ್ಯೆಯ ಆ ಊರಿನಲ್ಲಿ ಸೇರಿದ್ದು ಸುಮಾರು 50,000 ಜನ. ಅಮೆರಿಕದ ಅಧ್ಯಕ್ಷನೊಬ್ಬ ಧ್ವನಿವರ್ಧಕದಲ್ಲಿ ಮಾತಾಡಿದ್ದು ಅದೇ ಮೊದಲು.

ಗಾಳಿ ಮತ್ತು ಗದ್ದಲ ಮೈಕ್‌ಗೆ ಬೀಳದಿರಲಿ ಅಂತ ವೇದಿಕೆ ಮೇಲೆ ಒಂದು ಗಾಜಿನ ಗೂಡು ಕಟ್ಟಿದ್ದರು. ಅಧ್ಯಕ್ಷ ಅದರೊಳಗೆ ನಿಂತು, ಮೈಕ್‌ನಿಂದ ಅತ್ತಿತ್ತ ಸರಿಯದೆ ಮಾತಾಡಬೇಕು. ವೇದಿಕೆ ತುಂಬ ಓಡಾಡಿ, ಕೈ ಬೀಸಿ, ಜನರ ಮುಖ ನೋಡಿ ದನಿ ಏರಿಸಿ ಇಳಿಸುತ್ತಿದ್ದ ಕಾಲದ ಭಾಷಣಕಾರನಿಗೆ ಇದು ಸೆರೆಮನೆ. ಒಂದು ಗಂಟೆಗೂ ಹೆಚ್ಚು ಮಾತಾಡಿದ. ಮೈದಾನದ ಮೂಲೆಗೂ ಕೇಳಿಸಿತು. ಯಂತ್ರ ಗೆದ್ದಿತ್ತು.

ಆದರೆ ಏನನ್ನ ಗೆದ್ದಿತು? ಆರು ದಿನದ ನಂತರ ಕೊಲೊರಾಡೊದ ಪ್ಯೂಬ್ಲೊದಲ್ಲಿ ಭಾಷಣ ಮುಗಿಸಿದ ವಿಲ್ಸನ್ ಕುಸಿದ. ಅಕ್ಟೋಬರ್‌ನಲ್ಲಿ ಪಾರ್ಶ್ವವಾಯು ಬಡಿಯಿತು. ಸೆನೆಟ್ ಒಪ್ಪಂದವನ್ನ ತಿರಸ್ಕರಿಸಿತು, ಅಮೆರಿಕ ಲೀಗ್ ಸೇರಲೇ ಇಲ್ಲ. ಇನ್ನೊಂದು ಮಾತೂ ಹೇಳಬೇಕು. ಲೋಕಕ್ಕೆಲ್ಲ ನ್ಯಾಯ ಬೋಧಿಸುತ್ತಿದ್ದ ಇದೇ ವಿಲ್ಸನ್ ಸರ್ಕಾರ 1913ರಿಂದ ಕೇಂದ್ರ ಕಚೇರಿಗಳಲ್ಲಿ ಕಪ್ಪು ನೌಕರರನ್ನ ಬೇರೆ ಕೂರಿಸಲು ಶುರುಮಾಡಿತ್ತು. ಆ ನೌಕರರ ಕೈಗೆ ಯಾರೂ ಮೈಕ್ ಕೊಡಲಿಲ್ಲ.

ಇಲ್ಲಿ ನಾನು ಜೆನ್ಸನ್‌ನನ್ನ ದೂರುತ್ತಿಲ್ಲ. ಆದರೆ ಅವನ ಮೂರು ಯಂತ್ರಗಳನ್ನ ಸಾಲಾಗಿ ಇಟ್ಟು ನೋಡಿ. ಮೊದಲನೆಯದು ಟೆಲಿಫೋನ್ ರಿಸೀವರ್, ಇಬ್ಬರ ನಡುವಿನ ಮಾತಿಗೆ. ಅದು ಯಾರಿಗೂ ಬೇಕಾಗಲಿಲ್ಲ. ವಿಮಾನದ ಮೈಕ್, ಅದೂ ಇಬ್ಬರ ಮಾತಿಗೇ. ಅದು ಯುದ್ಧಕ್ಕೆ ಬೇಕಾಯಿತು. ಮೂರನೆಯದು ಕಹಳೆ, ಒಬ್ಬ ಹೇಳೋಕೆ, ಸಾವಿರಾರು ಜನ ಸುಮ್ಮನೆ ಕೇಳೋಕೆ. ಲೋಕ ಹುಚ್ಚೆದ್ದು ಅಪ್ಪಿಕೊಂಡದ್ದು ಅದನ್ನ. ಸುರುಳಿ ಒಂದೇ, ಕಾಂತ ಒಂದೇ. ಯಾವ ರೂಪ ಉಳಿಯಬೇಕು ಅಂತ ತೀರ್ಮಾನ ಮಾಡಿದ್ದು ದುಡ್ಡು ಮತ್ತು ಅಧಿಕಾರ.

ಮುಂದಿನ ಇಪ್ಪತ್ತು ವರ್ಷದಲ್ಲಿ ಅದೇ ಕಹಳೆ ಎಲ್ಲ ಬಣ್ಣದವರ ಕೈ ಸೇರಿತು. ಜರ್ಮನಿಯಲ್ಲಿ ನಾಜಿಗಳು ಬೀದಿಬೀದಿಗೆ ಕಟ್ಟಿದರು. ನಮ್ಮಲ್ಲಿ 1930ರ ದಶಕದಲ್ಲಿ ಮುಂಬಯಿಯ ಮೊಟ್ವಾನಿ ಕುಟುಂಬದ ಚಿಕಾಗೊ ರೇಡಿಯೊ ಸಂಸ್ಥೆ ಕಾಂಗ್ರೆಸ್ ಅಧಿವೇಶನಗಳಿಗೆ ಧ್ವನಿವರ್ಧಕ ಹಾಕಿತು. ಗಾಂಧೀಜಿಯ ಮೆಲುದನಿ ಕೊನೆಯ ಸಾಲಿಗೂ ಮುಟ್ಟಿತು. 1942ರ ಗುಪ್ತ ಕಾಂಗ್ರೆಸ್ ರೇಡಿಯೊ ಪ್ರಕರಣದಲ್ಲಿ ಆ ಸಂಸ್ಥೆಯ ನಾನಿಕ್ ಮೊಟ್ವಾನಿಯನ್ನ ಬ್ರಿಟಿಷರು ಬಂಧಿಸಿದರು. ಮೈಕ್ ಕಟ್ಟುವವನೂ ರಾಜಕೀಯದ ಹೊರಗಿಲ್ಲ ಅಂತ ಆಳುವವರಿಗೆ ಚೆನ್ನಾಗಿ ಗೊತ್ತಿತ್ತು.

ಹೆಸರು ಉಳಿಯಿತು, ಮಾಲೀಕ ಹೋದ

ಜೆನ್ಸನ್ ಮಾತ್ರ ಎಂಜಿನಿಯರ್ ಆಗೇ ಉಳಿದ. 1925ರಲ್ಲಿ ಮ್ಯಾಗ್ನಾವಾಕ್ಸ್ ಬಿಟ್ಟ. 1927ರಲ್ಲಿ ಓಕ್ಲೆಂಡ್‌ನಲ್ಲಿ ತನ್ನದೇ ಹೆಸರಿನ ಸ್ಪೀಕರ್ ಕಂಪನಿ ತೆರೆದು, ಅದನ್ನ ಚಿಕಾಗೊಗೆ ಒಯ್ದ. 1940ರ ದಶಕದಲ್ಲಿ ಅದನ್ನೂ ಬಿಟ್ಟು ಹೊರಬಂದ. 1950ರ ದಶಕದಲ್ಲಿ ಫೆಂಡರ್ ಗಿಟಾರ್ ಆಂಪ್ಲಿಫೈಯರ್‌ಗಳಲ್ಲಿ ಜೆನ್ಸನ್ ಸ್ಪೀಕರ್ ಗುಡುಗುತ್ತಿದ್ದಾಗ ಆ ಹೆಸರಿನ ಮನುಷ್ಯ ಆ ಕಂಪನಿಯಲ್ಲಿ ಇರಲಿಲ್ಲ. ಬೇರೆ ಕಡೆ ಗ್ರಾಮಫೋನ್ ಸೂಜಿ ಮಾಡ್ತಾ ಇದ್ದ. ಲೋಕಕ್ಕೆ ದೊಡ್ಡ ದನಿ ಕೊಟ್ಟವನ ಹೆಸರೇ ಇನ್ನೊಬ್ಬರ ಆಸ್ತಿ. 1956ರಲ್ಲಿ ಡೆನ್ಮಾರ್ಕಿನ ದೊರೆ ಅವನಿಗೆ ನೈಟ್ ಗೌರವ ಕೊಟ್ಟ. 1961ರ ಅಕ್ಟೋಬರ್ 25ರಂದು, 75ರ ವಯಸ್ಸಿನಲ್ಲಿ, ಇಲಿನಾಯ್ ರಾಜ್ಯದಲ್ಲಿ ತೀರಿಕೊಂಡ.

ಇನ್ನು ನನ್ನ ಗೋಡೆ. ಮೂರು ಭಾನುವಾರದ ನಂತರ ಹಾಡು ಸೊಗಸಾಗಿ ಕೇಳಿಸತೊಡಗಿತು. ನಾಲ್ಕನೇ ಭಾನುವಾರ ಪಕ್ಕದ ಮನೆಯ ಅಜ್ಜಿ ಬಾಗಿಲು ಬಡಿದರು. ಜಗಳಕ್ಕೆ ಬಂದಿರಲಿಲ್ಲ. ರಾತ್ರಿ ಮಂಚದ ತಲೆದೆಸೆ ಗುಂಯ್ ಅನ್ನುತ್ತೆ, ಏನಂತ ಗೊತ್ತಾಗ್ತಿಲ್ಲ ಅಂತ ಕೇಳೋಕೆ ಬಂದಿದ್ದರು. ನನ್ನ ಟಿವಿ ಗೋಡೆಯ ಆ ಬದಿಯಲ್ಲೇ ಅವರ ಮಂಚ. ಡಬ್ಬಗಳನ್ನ ನೇರ ಆ ಇಟ್ಟಿಗೆಗೇ ಬೋಲ್ಟ್ ಹಾಕಿದ್ದೆ. ನನಗೆ ಹಾಡು, ಅವರಿಗೆ ಬರೀ ನಡುಕ. ಎಷ್ಟು ದಿನದಿಂದ ಅಂತ ಕೇಳಿದೆ. ಮೊದಲ ದಿನದಿಂದಲೇ ಅಂತೆ. ಹೇಳೋಕೆ ಸಂಕೋಚವಾಗಿ ಸುಮ್ಮನಿದ್ದರಂತೆ.

ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಈ ಸಂಖ್ಯೆಗೆ ಧರ್ಮವೂ ಇಲ್ಲ, ಪಕ್ಷವೂ ಇಲ್ಲ. ಆದರೆ 2022ರಲ್ಲಿ ನಮ್ಮ ರಾಜ್ಯದಲ್ಲಿ ಧ್ವನಿವರ್ಧಕದ ಗಲಾಟೆ ಎದ್ದಾಗ ಚರ್ಚೆಯಾದದ್ದು ಎಷ್ಟು ಸದ್ದು ಅಂತ ಅಲ್ಲ, ಯಾರ ಸದ್ದು ಅಂತ. ನಮಗೆ ಇಷ್ಟವಾದವರ ಸದ್ದು ಸಂಗೀತ, ಬೇರೆಯವರದ್ದು ಗದ್ದಲ. ಅಜ್ಜಿ ಬಾಗಿಲು ಬಡಿಯುವವರೆಗೆ ನಾನೂ ಹಾಗೇ ಇದ್ದೆ. ಪೊಲೀಸರು ಮೈಕ್ ಕಿತ್ತುಕೊಂಡರೆ ಸಂವಿಧಾನ ನೆನಪಾಗುವ ನನಗೆ, ಗೋಡೆಯಾಚೆ ಒಬ್ಬರು ನಿದ್ದೆಗೆಟ್ಟು ಮಲಗಿದ್ದು ತಿಳಿಯಲೇ ಇಲ್ಲ. ಅಷ್ಟರಮಟ್ಟಿಗೆ ನಾನೂ ಗಾಜಿನ ಗೂಡಿನೊಳಗೇ ಇದ್ದೆ.

ಮಾರನೇ ವಾರ ಕಾರ್ಪೆಂಟರ್‌ನ ಕರೆಸಿ ಇಡೀ ಮರದ ಗೋಡೆಯನ್ನ ಎದುರು ಬದಿಗೆ, ಹಿಂದೆ ಯಾರ ಮನೆಯೂ ಇಲ್ಲದ ಹೊರಗೋಡೆಗೆ ಸರಿಸಿದೆ. ಇಟ್ಟಿಗೆಗೂ ಚೌಕಟ್ಟಿಗೂ ನಡುವೆ ರಬ್ಬರ್ ಕೊಟ್ಟೆ. ಹಾಡು ಹಾಕಿ ಅಜ್ಜಿ ಮನೆಗೆ ಹೋಗಿ, ಅವರ ಮಂಚದ ತಲೆದೆಸೆಗೆ ಕಿವಿ ಇಟ್ಟು ಕೇಳಿದೆ. ಗುಂಯ್ ನಿಂತಿತ್ತು.

ಅಂದಹಾಗೆ, ಆ ಹಾಸ್ಟೆಲ್ ಧರಣಿಯ ಮರುದಿನ ನಾವು ಒಂದು ನಿಯಮ ಮಾಡಿಕೊಂಡಿದ್ದೆವು. ಮೈಕ್ ಇದ್ದರೂ ಇಲ್ಲದಿದ್ದರೂ ಮೊದಲು ಮಾತಾಡುವವರು ಮೆಲುದನಿಯವರು, ಗಂಟಲು ದೊಡ್ಡದಿದ್ದವರು ಮುಂದೆ ಕೂತು ಅವರ ಮಾತನ್ನ ಹಿಂದಿನ ಸಾಲಿಗೆ ಕೂಗಿ ದಾಟಿಸಬೇಕು. ಜೆನ್ಸನ್ ಯಾರು ಅಂತ ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ. ಶುಲ್ಕದ ಲೆಕ್ಕವನ್ನ ಆ ಹುಡುಗಿ ಅವತ್ತು ಮತ್ತೆ ಎದ್ದು ನಿಂತು ಹೇಳಿದಳು, ಕೊನೆಯ ಸಾಲಿನವರೂ ಕೇಳಿಸಿಕೊಂಡರು. ಅವರಿಂದ ಎರಡು ಪ್ರಶ್ನೆಯೂ ಬಂದವು.